ಬೀಗದ ಕೈ ತೆಗೆದುಕೊಂಡು ಹೋದವರು

ಬೇಸ್‌ಮೆಂಟಿನಲ್ಲಿ ಮಂಜರಿ ಒಂದು ಸಾಲು ಹಾಡಿ ನಿಲ್ಲಿಸಿದಳು. ಮೇಲೆ ಅಡುಗೆಮನೆಯಲ್ಲಿ ಹಾಲು ಕಾಯಿಸುತ್ತಿದ್ದ ಸತೀಶ ಒಲೆ ಆರಿಸಿ ಕಿವಿಗೊಟ್ಟ. ಎರಡನೆಯ ಸಾಲು ಬರಲಿಲ್ಲ. ಹಾಲಿನ ಮೇಲೆ ಕೆನೆ ಕಟ್ಟಿತು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಅದೇ ಮೊದಲ ಸಾಲು, ಅದೇ ಜಾಗದಲ್ಲಿ ನಿಲುಗಡೆ. ಆಮೇಲೆ ಏನೋ ಗೋಡೆಗೆ ಬಡಿದ ಸದ್ದು. ನೀರಿನ ಬಾಟಲಿ ಇರಬೇಕು.

ಮಗಳು ಶಿಕಾಗೊ ಬಿಟ್ಟು ಡೆಟ್ರಾಯಿಟ್ ಪಕ್ಕದ ಸ್ಟರ್ಲಿಂಗ್ ಹೈಟ್ಸ್‌ನ ಈ ಮನೆಗೆ ಬಂದಾಗಿನಿಂದ ಇದೇ ನಡೆದಿತ್ತು. ಅವಳು ರಿದಮ್ ಅಂಡ್ ಬ್ಲೂಸ್ ಎಂಬ ಕಪ್ಪು ಅಮೆರಿಕನ್ನರ ಸಂಗೀತ ಹಾಡುವವಳು. ಡೆಟ್ರಾಯಿಟ್‌ನ ಸಣ್ಣ ಬಾರುಗಳಲ್ಲಿ ಶುರುಮಾಡಿ ಶಿಕಾಗೊದ ವೇದಿಕೆಗಳವರೆಗೆ ಹೋದವಳು. ಅವಳ ಒಂದು ಹಾಡನ್ನು ಜನ ಫೋನುಗಳಲ್ಲಿ ಹಾಕಿಕೊಂಡು ಕೇಳಿದರು. ಅದರ ಬೆನ್ನ ಮೇಲೆ ಒಂದು ಸಣ್ಣ ಕಂಪನಿ ಅವಳ ಮೊದಲ ರೆಕಾರ್ಡ್ ಮಾಡಿಸಿತು. ಅದು ಇನ್ನೇನು ಹೊರಬರಬೇಕು ಎನ್ನುವ ಹೊತ್ತಿಗೆ ಸರಿಯಾಗಿ ಅವಳ ಡ್ರಮ್ಮರ್ ಲಮಾಂಟ್ ಸತ್ತುಹೋದ. ಭಾನುವಾರ ಚರ್ಚಿನಲ್ಲಿ ಬಾರಿಸಿ ಮನೆಗೆ ಬಂದು ಸೋಫಾದ ಮೇಲೆ ಕೂತವನು ಮತ್ತೆ ಏಳಲಿಲ್ಲ. ಅದಾದ ಮೇಲಿನ ಎರಡು ಕಾರ್ಯಕ್ರಮಗಳಲ್ಲೂ ಮಂಜರಿ ಮೊದಲ ಸಾಲು ಹಾಡಿ, ನಿಂತು, ಜನರನ್ನು ನೋಡುತ್ತ ನೋಡುತ್ತ ವೇದಿಕೆ ಇಳಿದು ಹೋಗಿದ್ದಳು.

ಇವತ್ತು ಸಂಜೆ ಶಿಕಾಗೊದಲ್ಲಿ ಮೂರನೆಯದು. ಮೆಟ್ಟಿಲ ಮೇಲಿನಿಂದ ಸತೀಶನಿಗೆ ಫೋನಿನ ದನಿಯೂ ಕೇಳಿಸಿತು. ಮಗಳ ಮ್ಯಾನೇಜರ್ ಡನೀಸ್ ಎನ್ನುವ ಹೆಂಗಸು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು: ‘ನೋಡು ಬಂಗಾರ, ನಾನು ಸುಳ್ಳು ಹೇಳೋದಿಲ್ಲ. ಇವತ್ತೂ ನೀನು ಇಳಿದು ಹೋದರೆ ಕಂಪನಿಯವರು ರೆಕಾರ್ಡನ್ನ ಡಬ್ಬಿಯೊಳಗೆ ಹಾಕಿ ಮುಚ್ಚುತ್ತಾರೆ. ಆಮೇಲೆ ನಿನ್ನ ಹೆಸರು ಹೇಳಿದರೆ ಈ ಊರಿನಲ್ಲಿ ಯಾರೂ ಫೋನ್ ಎತ್ತೋದಿಲ್ಲ. ನನ್ನ ಹೆಸರು ಹೇಳಿದರೂ ಎತ್ತೋದಿಲ್ಲ.’

ಮಂಜರಿ ‘ಐ ನೋ’ ಅಂದಳು.

ಸತೀಶ ಕಾಫಿ ಹಿಡಿದು ಕೆಳಗೆ ಹೋದ. ಅವಳು ಜಮಖಾನದ ಮೇಲೆ ಗೋಡೆಗೊರಗಿ ಕೂತಿದ್ದಳು. ತಲೆ ಬಾಚಿರಲಿಲ್ಲ.

‘ನಾನು ಡ್ರೈವ್ ಮಾಡ್ತೀನಿ. ಏಳು.’

‘ಹೋಗಲ್ಲ ಅಪ್ಪ. ಐ ಕಾಂಟ್.’

‘ಹಾಡಬೇಡ. ಸುಮ್ನೆ ಹೋಗಿ ಬರೋಣ.’

‘ಹಾಡದೇ ಇರೋಕೆ ಮುನ್ನೂರು ಮೈಲಿ ಹೋಗ್ತಾರಾ ಯಾರಾದ್ರೂ?’

‘ನಾವು ಆಫೀಸಲ್ಲಿ ಕಾರು ನಿಲ್ಲಿಸಿ ನೋಡೋಕೇ ಅಂತ ಮುನ್ನೂರು ಮೈಲಿ ಓಡಿಸ್ತೀವಿ.’

ಸತೀಶನ ಕೆಲಸ ಡಿಯರ್‌ಬಾರ್ನ್‌ನ ಕಾರು ಕಂಪನಿಯಲ್ಲಿ ಬ್ರೇಕಿನ ಸದ್ದು ಕೇಳುವುದು. ಯಾವ ವೇಗದಲ್ಲಿ, ಯಾವ ಚಳಿಯಲ್ಲಿ ಬ್ರೇಕು ಕಿರುಚುತ್ತದೆ, ಎಲ್ಲಿಂದ ಕಿರುಚುತ್ತದೆ ಎಂದು ಕಿವಿಯಿಂದಲೇ ಗುರುತಿಸಿ ಹೇಳುವವನು. ತಮಾಷೆ ಮಾಡುವ ಮನುಷ್ಯನಲ್ಲ. ಮಂಜರಿ ಅವನನ್ನು ಒಂದು ಕ್ಷಣ ನೋಡಿ, ನಗು ಬರದಿದ್ದರೂ, ಎದ್ದಳು.

ಹೊರಗೆ ಇಪ್ಪತ್ತೆಂಟು ಡಿಗ್ರಿ ಫ್ಯಾರನ್‌ಹೀಟ್, ನೀರು ಹೆಪ್ಪುಗಟ್ಟುವ ಚಳಿ. ಬಡಾವಣೆಯ ಮೂಲೆಮೂಲೆಯಲ್ಲಿ ಹಳೆಯ ಹಿಮ ಕಪ್ಪಗಾಗಿ ಬಿದ್ದಿತ್ತು. ಕಾರು ಫ್ರೀವೇ ಹತ್ತಿತು. ಮಂಜರಿ ಕೋಟಿನ ಟೋಪಿ ಕಣ್ಣಿನವರೆಗೆ ಎಳೆದುಕೊಂಡು ಕಿಟಕಿಗೆ ತಲೆಯಿಟ್ಟಳು. ಸತೀಶನಿಗೆ ಏನಾದರೂ ಹೇಳಬೇಕೆನ್ನಿಸಿತು. ಆದರೆ ಅವನಿಗೆ ಮಾತು ಬರುತ್ತಿದ್ದದ್ದು ಒಂದೇ ರೀತಿಯಲ್ಲಿ, ಯಾರಾದರೂ ಪದ್ಯ ಹಾಡಿ ನಿಲ್ಲಿಸಿದಾಗ.

ಅವನ ಹೆಂಡತಿ ಪದ್ಮ ಗಮಕಿ. ಮೈಸೂರಿನಲ್ಲಿ ತಂದೆಯ ಪಕ್ಕ ಕೂತು ಕಲಿತವಳು. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಶನಿವಾರದ ಸಂಜೆ ಬೇಸ್‌ಮೆಂಟಿನಲ್ಲಿ ಜಮಖಾನ ಹಾಸಿ, ಶ್ರುತಿಪೆಟ್ಟಿಗೆ ಹಾಕಿಕೊಂಡು ಷಟ್ಪದಿಗಳನ್ನು ಹಾಡುತ್ತಿದ್ದಳು. ನಾಲ್ಕಾರು ಮನೆಯವರು ಬರುತ್ತಿದ್ದರು. ಪಕ್ಕದಲ್ಲಿ ಕೂತು ಅರ್ಥ ಹೇಳುವವನು ಸತೀಶ. ಗಮಕದ ಪದ್ಧತಿ ಹಾಗೆ: ಒಬ್ಬರದು ವಾಚನ, ಇನ್ನೊಬ್ಬರದು ವ್ಯಾಖ್ಯಾನ. ವಾಚನಕ್ಕೆ ತಾಳವಿಲ್ಲ. ಪದ್ಯ ಎಲ್ಲಿ ಉಸಿರು ಬೇಡುತ್ತದೋ ಅಲ್ಲಿ ಗಮಕಿ ನಿಲ್ಲಬೇಕು. ನಿಂತ ಮೇಲೆ, ವ್ಯಾಖ್ಯಾನಕಾರ ಹೇಳಿ ಮುಗಿಸುವವರೆಗೆ ಮುಂದಿನ ಸಾಲಿಗೆ ಹೋಗುವಂತಿಲ್ಲ. ಅವನು ಎಷ್ಟು ಹೊತ್ತು ತೆಗೆದುಕೊಂಡರೂ ಕಾಯಬೇಕು. ಸತೀಶ ಪ್ರತಿ ಸಲ ಗಂಟಲು ಸರಿಮಾಡಿಕೊಂಡು ‘ಅಂದರೆ...’ ಎಂದು ಶುರುಮಾಡುತ್ತಿದ್ದ. ಆಮೇಲೆ ಅವನನ್ನು ಹಿಡಿಯುವುದೇ ಕಷ್ಟ.

‘ವಾರವೆಲ್ಲ ಉಳಿಸಿಟ್ಟ ಮಾತನ್ನ ಶನಿವಾರ ಖರ್ಚು ಮಾಡ್ತಾರೆ,’ ಎಂದು ಪದ್ಮ ಬಂದವರಿಗೆ ಹೇಳುತ್ತಿದ್ದಳು. ‘ನನಗೆ ಏನಾದ್ರೂ ಕೇಳಬೇಕಿದ್ರೂ ಈಗ ರಾಗವಾಗಿ ಕೇಳಬೇಕು.’

ಮಂಜರಿ ಆರನೆಯ ಗ್ರೇಡಿನಲ್ಲಿದ್ದಾಗ ಪದ್ಮ ಹೊಟ್ಟೆನೋವೆಂದು ಆಸ್ಪತ್ರೆಗೆ ಹೋದಳು. ಸಂಜೆಗೆ ಬಂದುಬಿಡುತ್ತೇನೆ, ನೀವಿಬ್ಬರೂ ಇಲ್ಲದಿದ್ದರೆ ಒಳಗೆ ಬರಬೇಕಲ್ಲ ಎಂದು ಬಾಗಿಲ ಪಕ್ಕದ ಮೊಳೆಯಿಂದ ಬೀಗದ ಕೈ ತೆಗೆದು ಕೈಚೀಲಕ್ಕೆ ಹಾಕಿಕೊಂಡಳು. ಮತ್ತೆ ಬರಲಿಲ್ಲ. ಆಸ್ಪತ್ರೆಯಿಂದ ಬಂದ ಚೀಲದಲ್ಲಿ ಬಳೆ, ಕನ್ನಡಕ, ತಾಳಿ ಇದ್ದವು. ಬೀಗದ ಕೈ ಎಲ್ಲೋ ಕಳೆದುಹೋಗಿತ್ತು. ಬೀಗ ಬದಲಾಯಿಸಿಬಿಡಿ, ಯಾರ ಕೈಗೆ ಸಿಕ್ಕಿದೆಯೋ ಏನೋ ಎಂದು ಎಲ್ಲರೂ ಹೇಳಿದರು. ಸತೀಶ ಹ್ಞೂಂ ಎಂದು ತಲೆಯಾಡಿಸಿದ.

ಆ ಚಳಿಗಾಲ ಮನೆಯಲ್ಲಿ ಮಾತೇ ಇರಲಿಲ್ಲ. ಅಪ್ಪ ಮಗಳು ಎದುರುಬದುರು ಕೂತು ಊಟ ಮಾಡುತ್ತಿದ್ದರು, ತಟ್ಟೆ ತೊಳೆಯುತ್ತಿದ್ದರು, ಮಲಗುತ್ತಿದ್ದರು. ಒಂದು ಶನಿವಾರ ಬೇಸ್‌ಮೆಂಟಿನಿಂದ ಶ್ರುತಿಯ ಸದ್ದು ಬಂತು. ಸತೀಶ ಇಳಿದು ನೋಡಿದರೆ ಮಗಳು ಅಮ್ಮನ ಜಾಗದಲ್ಲಿ ಕೂತಿದ್ದಳು. ಅವನು ಪಕ್ಕದಲ್ಲಿ ಕೂತ. ಅವಳು ಮೂರು ಸಾಲು ಹಾಡಿ ನಿಲ್ಲಿಸಿದಳು. ಅಮ್ಮ ಎಲ್ಲಿ ನಿಲ್ಲಿಸುತ್ತಿದ್ದಳೋ ಅಲ್ಲೇ. ಸತೀಶನ ಬಾಯಿ ಏಳಲಿಲ್ಲ. ಅವಳು ಕಾದಳು. ಮುಂದಕ್ಕೂ ಹೋಗಲಿಲ್ಲ, ಎದ್ದೂ ಹೋಗಲಿಲ್ಲ, ಅಪ್ಪನ ಮುಖವನ್ನೂ ನೋಡಲಿಲ್ಲ. ಮಡಿಲಲ್ಲಿ ಕೈಯಿಟ್ಟುಕೊಂಡು ಕಾದಳು. ಕೊನೆಗೆ ಅವನ ಗಂಟಲು ತಾನೇ ಸರಿಯಾಗಿ ‘ಅಂದರೆ...’ ಎಂದಿತು. ಅವತ್ತು ಅವನು ಬದುಕಿದ್ದು ಹಾಗೆ.

ದಾರಿಯಲ್ಲಿ ಕ್ಯಾಲಮಜೂ ಊರು ದಾಟುವಾಗ ಮಂಜರಿ ಟೋಪಿಯೊಳಗಿಂದಲೇ ಕೇಳಿದಳು: ‘ಅಪ್ಪ, ಲಮಾಂಟ್ ನಮ್ಮನೇಗೆ ಬಂದಿದ್ದು ನೆನಪಿದೆಯಾ?’

‘ಹ್ಞೂಂ.’

‘ನೀನು ಅವನಿಗೆ ಕಾಫಿ ಕೊಟ್ಟೆ. ಅಷ್ಟೇ. ಒಂದು ಮಾತೂ ಆಡಲಿಲ್ಲ.’

‘ಆಡಿದೆ. ಒಂದು.’

ಒಂದು ಆಡಿದ್ದು ನಿಜ. ಅದಕ್ಕೂ ಮೊದಲಿನದನ್ನೂ ಸತೀಶ ಮರೆತಿರಲಿಲ್ಲ. ಹೈಸ್ಕೂಲಿನಲ್ಲಿ ಗುಂಪುಹಾಡು ಕಲಿಸುವ ಕಾಯರ್ ಟೀಚರ್, ಸ್ವರವನ್ನು ಹೀಗೆ ಬಾಗಿಸುವುದನ್ನು ಎಲ್ಲಿ ಕಲಿತೆ ಎಂದು ಮಗಳನ್ನು ಕೇಳಿದ್ದು. ಗೆಳತಿಯೊಬ್ಬಳು ಡೆಟ್ರಾಯಿಟ್‌ನ ತಮ್ಮ ಚರ್ಚಿಗೆ ಹಾಡಲು ಕರೆದೊಯ್ದದ್ದು. ಅಲ್ಲಿಂದ ಬಂದವಳು ಬೂಟು ಬಿಚ್ಚುವ ಮುಂಚೆಯೇ ಕೂಗಿದ್ದಳು: ‘ಅಪ್ಪ, ಯೂ ವೋಂಟ್ ಬಿಲೀವ್! ಅಲ್ಲಿ ಹಾಡೋರು ನಿಲ್ಲಿಸಿದ್ರೆ ಎದುರಿಗೆ ಕೂತೋರು ಉತ್ತರ ಕೊಡ್ತಾರೆ. ಹೇಳು ತಾಯಿ, ಹೌದು ತಾಯಿ ಅಂತಾರೆ. ಎಲ್ಲಾರೂ ವ್ಯಾಖ್ಯಾನಕಾರರೇ!’ ಅವತ್ತು ಸತೀಶ ನಕ್ಕಿದ್ದ. ದೇವರ ಮುಂದೆ ಹಾಡುವುದು, ಎಲ್ಲಿ ಹಾಡಿದರೇನು.

ಬಾರಿನ ವಿಷಯ ಬೇರೆ. ಇಂಜಿನಿಯರಿಂಗ್ ಮುಗಿಸಿ ಸ್ಟರ್ಲಿಂಗ್ ಹೈಟ್ಸ್‌ನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿದವಳು ಸಂಜೆ ಡೆಟ್ರಾಯಿಟ್‌ಗೆ ಹೋಗಿ ಹಾಡುತ್ತಿದ್ದಾಳೆಂದು ಅವನಿಗೆ ಗೊತ್ತಾದದ್ದು ಕನ್ನಡ ಕೂಟದ ಯುಗಾದಿ ಊಟದಲ್ಲಿ. ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ ಹಿಂದೆ ಅವರ ಮನೆಯ ಗಮಕಕ್ಕೆ ಬರುತ್ತಿದ್ದ ಸೋಮು ಎಲ್ಲರಿಗೂ ಕೇಳಿಸುವಂತೆ ಹೇಳಿದ್ದ: ‘ಏನ್ ಸತೀಶ್ ಸಾರ್, ಮಗಳು ಬಡ್ತಿ ತಗೊಂಡಳಂತೆ? ನಿಮ್ಮ ಬೇಸ್‌ಮೆಂಟಿಂದ ಅವರ ಬಾರಿಗೆ! ನಾವಂತೂ ಪುಳಿಯೋಗರೆಗೆ ಬಂದು ಕೇಳ್ತಿದ್ವಿ, ಅಲ್ಲಿ ಕೇಳೋರಿಗೆ ಬೇರೆ ಏನೇನೋ ಕೊಡ್ತಾರಪ್ಪ.’ ಸುತ್ತಲಿನವರು ನಕ್ಕರು. ಸತೀಶನೂ ನಕ್ಕ, ಹೋಳಿಗೆ ಎಲೆಯಲ್ಲೇ ಉಳಿಯಿತು.

ಮಗಳು ಬಾರಿನಲ್ಲಿ ಮೊದಲ ಸಲ ಹಾಡಿದಾಗ ಏನಾಯಿತೆಂದು ಲಮಾಂಟ್ ಹೇಳಿಯೇ ಅವನಿಗೆ ತಿಳಿದದ್ದು. ಮಂಜರಿ ಹಿಮ್ಮೇಳವನ್ನು ಫೋನಿನಲ್ಲಿ ತುಂಬಿಸಿಕೊಂಡು ಹೋಗಿದ್ದಳು. ಮೊದಲ ಸಾಲು ಹಾಡಿದಳು, ನಿಂತಳು. ಹಿಮ್ಮೇಳ ನಿಲ್ಲಲಿಲ್ಲ, ಮುಂದೆ ಹೋಗಿಬಿಟ್ಟಿತು. ಅವಳು ಅದರ ಹಿಂದೆ ಓಡಿ ಎರಡನೆಯ ಸಾಲು ಹಿಡಿದಳು, ಮತ್ತೆ ನಿಂತಳು. ಜನ ನಗಲು ಶುರುಮಾಡಿದರು. ಬೇರೆ ತಂಡಕ್ಕೆ ಬಾರಿಸಲು ಬಂದು ಮೂಲೆಯಲ್ಲಿ ಕೂತಿದ್ದ ಲಮಾಂಟ್ ಎದ್ದು ಬಂದು, ಆ ಫೋನನ್ನು ಕಿತ್ತು ಜೇಬಿಗೆ ಹಾಕಿಕೊಂಡು, ಡ್ರಮ್ಮಿನ ಹಿಂದೆ ಕೂತು, ‘ಯಾರಿಗೆ ಕಾಯ್ತಿದ್ದೀಯ ಮಗಳೇ?’ ಎಂದು ಕೇಳಿದ. ‘ನಮ್ಮಪ್ಪನಿಗೆ’ ಎಂದಳಂತೆ. ‘ಅವನು ಬರೋವರೆಗೂ ನಾನಿರ್ತೀನಿ, ಹಾಡು.’ ಅವಳು ನಿಂತಲ್ಲೆಲ್ಲ ಅವನ ಕೋಲು ಮೆಲ್ಲಗೆ ಮಾತಾಡಿತು; ಅವಳು ಕಾದಷ್ಟು ಹೊತ್ತು ಮಾತಾಡಿತು. ಆಮೇಲೆ ಅದೇ ಅವಳ ಹಾಡಿನ ರೀತಿ ಎಂದು ಹೆಸರಾಯಿತು. ಸಾಲಿನ ತುದಿಯಲ್ಲಿ ಅಷ್ಟು ಹೊತ್ತು ಸುಮ್ಮನಿರುವ ಧೈರ್ಯ ಯಾರಿಗಿದೆ ಎಂದು ಪತ್ರಿಕೆಗಳಲ್ಲಿ ಬರೆದರು. ಅದು ಧೈರ್ಯವಲ್ಲ, ಅಭ್ಯಾಸ ಎಂದು ಗೊತ್ತಿದ್ದವರು ಲಮಾಂಟ್, ಸತೀಶ ಇಬ್ಬರೇ.

ಒಂದು ದಿನ ಅವಳನ್ನು ಮನೆಗೆ ಬಿಡಲು ಬಂದ ಲಮಾಂಟ್, ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಇದನ್ನೆಲ್ಲ ಹೇಳಿ, ಕೇಳಿದ್ದ: ‘ಮಿಸ್ಟರ್ ಸತೀಶ್, ಆ ಖಾಲಿ ಜಾಗದಲ್ಲಿ ನೀವು ಏನು ಹೇಳ್ತಿದ್ದಿರಿ?’

‘ಅರ್ಥ,’ ಎಂದಿದ್ದ ಸತೀಶ.

‘ನಾನೂ ಅದನ್ನೇ ಹೇಳೋಕೆ ನೋಡ್ತೀನಿ. ಆದರೆ ನನಗೆ ಬರೀ ಕೋಲು.’ ಲೋಟ ಕೆಳಗಿಟ್ಟು ಎದ್ದಿದ್ದ. ‘ನೀವು ಬಂದರೆ ನಾನು ಜಾಗ ಬಿಡ್ತೀನಿ.’

ಸತೀಶ ಹೋಗಲಿಲ್ಲ.

ಇಂಡಿಯಾನದ ಗಡಿ ದಾಟಿದಾಗ ಕಾಲವಲಯ ಬದಲಾಗಿ ಕಾರಿನ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಯಿತು. ‘ನೋಡು, ಒಂದು ಗಂಟೆ ಬಿಟ್ಟಿ ಸಿಕ್ತು,’ ಎಂದ ಸತೀಶ.

‘ನನಗೆ ಬೇಡ,’ ಎಂದಳು ಮಂಜರಿ. ಆಮೇಲೆ ಟೋಪಿ ಹಿಂದಕ್ಕೆ ಸರಿಸಿ: ‘ಎಕ್ಸಿಟ್ ತಗೊಂಡು ವಾಪಸ್ ತಿರುಗಿಸು ಅಪ್ಪ. ಪ್ಲೀಸ್. ನಾನು ಕಾರ್ಖಾನೆಗೆ ಮತ್ತೆ ಅಪ್ಲೈ ಮಾಡ್ತೀನಿ. ಸತ್ಯವಾಗಿ.’

ಈ ಮಾತನ್ನು ಕೇಳಬೇಕೆಂದು ಅವನು ಎಷ್ಟು ಸಲ ದೇವರ ಮುಂದೆ ಕೂತಿದ್ದನೋ. ಈಗ ಕೇಳಿಸಿತು. ಬ್ರೇಕು ಕಿರುಚಿದ ಹಾಗೆ ಕೇಳಿಸಿತು. ಎಕ್ಸಿಟ್ ಬಂತು, ಹೋಯಿತು. ಅವನು ತಿರುಗಿಸಲಿಲ್ಲ.

ಕೆಲಸ ಬಿಟ್ಟೆ ಎಂದು ಅವಳು ಹೇಳಿದ್ದೂ ಒಂದು ಶನಿವಾರ. ಬೇಸ್‌ಮೆಂಟಿಗೆ ಕರೆದು, ಶ್ರುತಿ ಹಾಕಿ, ‘ಇದು ನಾನೇ ಬರೆದಿದ್ದು, ಕೇಳು’ ಎಂದು ಇಂಗ್ಲಿಷಿನ ಒಂದು ಹಾಡು ಶುರುಮಾಡಿದ್ದಳು. ಮೊದಲ ಸಾಲು: ನೀನು ಬೀಗದ ಕೈ ತೆಗೆದುಕೊಂಡು ಹೋದೆ, ನನಗೆ ಬಾಗಿಲು ಬಿಟ್ಟು ಹೋದೆ. ಹಾಡಿ ನಿಂತಳು. ಮಡಿಲಲ್ಲಿ ಕೈಯಿಟ್ಟುಕೊಂಡು ಕಾದಳು. ಸತೀಶನ ಕಿವಿಯಲ್ಲಿ ಯುಗಾದಿಯ ನಗು ಇತ್ತು. ಯಾರೋ ಹುಡುಗನಿರಬೇಕು; ಅವನಿಗೆ ಮನೆಯ ಬೀಗದ ಕೈ ಕೊಟ್ಟಿದ್ದಳು; ಅವನು ಹೋದ. ಇದಕ್ಕೆ ನಾನು ಅರ್ಥ ಹೇಳಬೇಕೇ? ಪದ್ಮ ಕೂರುತ್ತಿದ್ದ ಜಾಗದಲ್ಲಿ? ಅವಳು ಕಾಯುತ್ತಲೇ ಇದ್ದಳು. ಅವನು ಎದ್ದು ಶ್ರುತಿಪೆಟ್ಟಿಗೆ ಆರಿಸಿ ಮೆಟ್ಟಿಲು ಹತ್ತಿದ. ಮರುವಾರ ಅವಳು ಶಿಕಾಗೊಗೆ ಹೋದಳು.

ಆ ಹಾಡೇ ಆಮೇಲೆ ಜನರ ಫೋನುಗಳಿಗೆ ಹೋಯಿತು. ಸತೀಶ ಡಿಯರ್‌ಬಾರ್ನ್‌ಗೆ ಹೋಗುವಾಗ ಕಾರಿನಲ್ಲಿ ಹಾಕಿಕೊಳ್ಳುತ್ತಿದ್ದ. ಮೊದಲ ಸಾಲು ಕೇಳುತ್ತಿದ್ದ. ಅದು ಮುಗಿದು, ತಾನು ಮಾತಾಡಬೇಕಿದ್ದ ಜಾಗದಲ್ಲಿ ಲಮಾಂಟ್‌ನ ಕೋಲು ಶುರುವಾದ ಕೂಡಲೇ ಆರಿಸಿಬಿಡುತ್ತಿದ್ದ. ಬೇರೆಯವರು ಹೇಳಿದ ಅರ್ಥವನ್ನು ಕೇಳಲಾಗುತ್ತಿರಲಿಲ್ಲ. ಎರಡನೆಯ ಸಾಲು ಏನೆಂದು ಅವನಿಗೆ ಈವರೆಗೂ ಗೊತ್ತಿರಲಿಲ್ಲ.

ಶಿಕಾಗೊದ ದಕ್ಷಿಣ ಭಾಗದ ಆ ಹಾಲ್ ಹಿಂದೆ ಸಿನಿಮಾ ಮಂದಿರವಾಗಿತ್ತಂತೆ. ಸಂಜೆ ನಾಲ್ಕೂವರೆಗೆಲ್ಲ ಒಳಗೆ ಕತ್ತಲೆ, ಚಳಿ. ಎತ್ತರದ ಹೆಂಗಸೊಬ್ಬಳು, ಕೋಟು ಬಿಚ್ಚದೆಯೇ, ಎರಡು ಫೋನು ಹಿಡಿದು ಎದುರುಬಂದಳು. ಡನೀಸ್. ಮಂಜರಿಯನ್ನು ಅಪ್ಪಿಕೊಂಡು, ಅವಳ ತಲೆಯ ಮೇಲಿಂದ ಸತೀಶನನ್ನು ನೋಡಿ, ‘ಇವರೇನಾ ನಿನ್ನನ್ನ ಕಾಯಿಸಿದವರು?’ ಎಂದಳು. ಸಿಟ್ಟೋ ಸಲಿಗೆಯೋ ತಿಳಿಯಲಿಲ್ಲ. ಸತೀಶ ಹೌದೆಂದು ತಲೆಯಾಡಿಸಿದ.

ಹೊಸ ಡ್ರಮ್ಮರ್ ಕಿವಿಯಲ್ಲಿ ಯಂತ್ರದ ತಾಳ ಹಾಕಿಕೊಂಡು ಕೂತಿದ್ದ. ಒಳ್ಳೆಯ ಹುಡುಗ; ಲಮಾಂಟ್ ಬಾರಿಸಿದ್ದನ್ನೆಲ್ಲ ಕೇಳಿ ಕಲಿತು ಬಂದಿದ್ದ. ಸೌಂಡ್ ನೋಡಲು ಮಂಜರಿ ಮೈಕಿನ ಮುಂದೆ ನಿಂತಳು. ಮೊದಲ ಸಾಲು ಖಾಲಿ ಕುರ್ಚಿಗಳ ಮೇಲಿನಿಂದ ಹಾದು ಹಿಂದಿನ ಗೋಡೆಯವರೆಗೆ ಹೋಯಿತು. ಕೊನೆಯ ಸಾಲಿನಲ್ಲಿ ಕೂತಿದ್ದ ಸತೀಶ ಮುಂದಕ್ಕೆ ಬಾಗಿದ. ಅದು ಪದ್ಮಳ ದನಿಯಲ್ಲ. ಪದ್ಮಳ ದನಿ ಇಷ್ಟು ಆಳಕ್ಕೆ ಇಳಿಯುತ್ತಿರಲಿಲ್ಲ. ಆದರೆ ನಿಂತ ಜಾಗ ಪದ್ಮಳದೇ.

ಡ್ರಮ್ಮು ಶುರುವಾಯಿತು. ಲಮಾಂಟ್‌ನ ಪೆಟ್ಟುಗಳೇ, ಒಂದೂ ಬಿಡದೆ, ಒಂದೂ ತಪ್ಪದೆ. ಮುಗಿಯಿತು. ಮುಗಿದು, ಯಂತ್ರದ ಲೆಕ್ಕಕ್ಕೆ ಸರಿಯಾಗಿ ಮುಂದೆ ಹೋಯಿತು. ಮಂಜರಿ ನಿಂತೇ ಇದ್ದಳು.

‘ಮತ್ತೊಮ್ಮೆ,’ ಎಂದಳು ಡನೀಸ್.

ಮತ್ತೊಮ್ಮೆ. ಮಗದೊಮ್ಮೆ. ಆಮೇಲೆ ಮಂಜರಿ ಮೈಕನ್ನು ಮೆಲ್ಲಗೆ, ಮಗುವನ್ನು ಮಲಗಿಸುವವಳ ಹಾಗೆ, ನೆಲದ ಮೇಲಿಟ್ಟು ಪಕ್ಕದ ಬಾಗಿಲಿನಿಂದ ಹೊರಟುಹೋದಳು.

ಹಿಂಬದಿಯಲ್ಲಿ ಸಾಮಾನು ಇಳಿಸುವ ಕಟ್ಟೆಯ ಮೇಲೆ, ಕೋಟಿಲ್ಲದೆ, ಮೊಣಕಾಲು ತಬ್ಬಿಕೊಂಡು ಕೂತಿದ್ದಳು. ಸತೀಶ ತನ್ನ ಕೋಟು ಬಿಚ್ಚಿ ಹೊದಿಸಿದ.

‘ಈ ಹುಡುಗ ನನಗಾಗಿ ನಿಂತ ಹಾಗೆ ಕೇಳಿಸಲ್ಲ ಅಪ್ಪ. ಲಮಾಂಟ್ ಆದ್ರೆ, ಕಾಯ್ತಾ ಇದ್ದ. ನಾನು ಕಾಯೋದನ್ನ ಅವನೂ ಕಾಯ್ತಿದ್ದ. ಈಗ ನಿಂತ್ರೆ ಕೆಳಗೆ ಏನೂ ಇಲ್ಲ. ಬಾವಿ. ನನಗೆ ಎರಡನೇ ಸಾಲು ಏನು ಅಂತಾನೇ ಮರೆತು ಹೋಗತ್ತೆ. ನಾನೇ ಬರೆದಿದ್ದು! ಮನೆಗೆ ಹೋಗೋಣ. ಡನೀಸ್‌ಗೆ ನೀನೇ ಹೇಳು, ನನ್ನ ಕೈಲಾಗಲ್ಲ.’

ಹಲ್ಲು ಕಟಕಟ ಎನ್ನುತ್ತಿತ್ತು. ಸತೀಶ ಅವಳನ್ನು ನೋಡಿದ. ಪದ್ಮ ಹೋದ ಚಳಿಗಾಲದಲ್ಲಿ ಕನ್ನಡಿಯಲ್ಲಿ ನೋಡಿದ್ದ ಮುಖವೇ ಇದು. ಆ ಮುಖದವನು ಯಾರೋ ಹೇಳಿದ್ದಕ್ಕೆ ಎದ್ದವನಲ್ಲ, ಸಮಾಧಾನಕ್ಕೆ ಎದ್ದವನಲ್ಲ. ತನ್ನ ಸರದಿ ಬಂದಿತ್ತು, ಎದುರಿನವಳು ಬಿಡದೆ ಕಾದಿದ್ದಳು, ಅದಕ್ಕೆ.

‘ಬಾ,’ ಎಂದ.

‘ನಾನು ಹಾಡಲ್ಲ.’

‘ಹಾಡಬೇಡ. ನೀನು ಹಾಡಿಯಾಗಿದೆ ಪುಟ್ಟಿ. ಅವತ್ತೇ. ಸಾಲು ನನ್ನ ಹತ್ರ ಇದೆ. ನಾನು ಎದ್ದು ಹೋಗಿಬಿಟ್ಟೆ. ಈಗ ಸರದಿ ನನ್ನದು.’

ಅವಳಿಗೆ ಅರ್ಥವಾಯಿತೋ ಇಲ್ಲವೋ. ಅವನು ಕೈಹಿಡಿದು ಎಬ್ಬಿಸಿದ್ದಕ್ಕೆ ಎದ್ದಳು.

ಸತೀಶ ಮಡಚುವ ಕುರ್ಚಿಯೊಂದನ್ನು ತಾನೇ ಎತ್ತಿಕೊಂಡು ವೇದಿಕೆ ಹತ್ತಿ, ಬೇಸ್‌ಮೆಂಟಿನಲ್ಲಿ ಕೂರುತ್ತಿದ್ದ ಹಾಗೆ, ಮೈಕಿನ ಬಲಕ್ಕೆ ಸ್ವಲ್ಪ ಹಿಂದೆ ಇಟ್ಟು ಕೂತ. ಡ್ರಮ್ಮಿನ ಹುಡುಗ ಡನೀಸ್ ಕಡೆ ನೋಡಿದ. ಸೌಂಡಿನವನು ಏನೋ ಕೇಳಲು ಬಾಯಿ ತೆರೆದ. ಡನೀಸ್ ಎರಡು ಫೋನನ್ನೂ ಕೋಟಿನ ಜೇಬಿಗೆ ಹಾಕಿಕೊಂಡು, ಬೆರಳೆತ್ತಿ ಇಬ್ಬರನ್ನೂ ಸುಮ್ಮನಾಗಿಸಿದಳು. ಮಂಜರಿ ನೆಲದ ಮೇಲಿದ್ದ ಮೈಕನ್ನು ಎತ್ತಿಕೊಳ್ಳಲಿಲ್ಲ. ಅಪ್ಪನ ಕೋಟಿನೊಳಗೆ ಕೈ ಸೇರಿಸಿಕೊಂಡು ಬೇರೆ ಕಡೆ ನೋಡುತ್ತ ನಿಂತಳು.

ಸತೀಶ ಗಂಟಲು ಸರಿಮಾಡಿಕೊಂಡ.

‘ಅಂದರೆ... ನೀನು ಬೀಗದ ಕೈ ತೆಗೆದುಕೊಂಡು ಹೋದೆ, ನನಗೆ ಬಾಗಿಲು ಬಿಟ್ಟು ಹೋದೆ ಅಂತಾಳೆ ಈ ಹೆಣ್ಣುಮಗಳು. ದೂರುತ್ತಾ ಇದ್ದಾಳೆ ಅನ್ನಿಸುತ್ತೆ ಕೇಳೋರಿಗೆ. ನನಗೂ ಹಾಗೇ ಅನ್ನಿಸಿತ್ತು. ಯಾರೋ ಕೈಬಿಟ್ಟು ಹೋದ, ಇವಳು ಅಳ್ತಾ ಇದ್ದಾಳೆ ಅಂತ. ಆದರೆ ಸ್ವಲ್ಪ ವಿಚಾರ ಮಾಡಿ ನೋಡಬೇಕು. ಬಿಟ್ಟು ಹೋಗೋರು ಏನ್ಮಾಡ್ತಾರೆ? ಇನ್ನು ಬರೋದಿಲ್ಲ ಅನ್ನೋರು ಬೀಗದ ಕೈಯನ್ನ ಮೇಜಿನ ಮೇಲಿಟ್ಟು ಹೋಗ್ತಾರೆ. ಇಲ್ಲ, ಮುಖದ ಮೇಲೆ ಎಸೆದು ಹೋಗ್ತಾರೆ. ತೆಗೆದುಕೊಂಡು ಹೋಗೋರು ಯಾರು? ಸಂಜೆಗೆ ಬರ್ತೀನಿ ಅನ್ನೋರು. ಬಂದಾಗ ಮನೇಲಿ ಯಾರೂ ಇಲ್ಲದಿದ್ರೆ ಒಳಗೆ...’

ಮಾತು ಅಲ್ಲಿಗೆ ಬಂದು ನಿಂತಿತು. ಹೇಳುವವನಿಗೆ ಅರ್ಥ ಹೊಳೆಯುವುದು ಹೇಳುವಾಗಲೇ. ಬಾಗಿಲ ಪಕ್ಕದ ಮೊಳೆ ಅವನ ಕಣ್ಣೆದುರಿಗೆ ಬಂತು. ಆ ಮೊಳೆಗೆ ಅವನು ಇವತ್ತಿನವರೆಗೂ ಏನನ್ನೂ ನೇತುಹಾಕಿರಲಿಲ್ಲ. ಯಾವ ಹುಡುಗನೂ ಇರಲಿಲ್ಲ. ತಾನು ಶ್ರುತಿಪೆಟ್ಟಿಗೆ ಆರಿಸಿದ ದಿನ ಮಗಳು ಮುಂದೆ ಇಟ್ಟದ್ದು ಅಮ್ಮನ ಈ ಬೀಗದ ಕೈಯನ್ನು.

‘...ಒಳಗೆ ಬರಬೇಕಲ್ಲ ಅಂತ,’ ಎಂದು ಮುಗಿಸಿದ. ‘ಹೋಗುವಾಗ ಅವಳ ಮನಸ್ಸಿನಲ್ಲಿ ಹೋಗೋದು ಇರಲಿಲ್ಲ, ಬರೋದಿತ್ತು. ಇವಳು ಹೇಳ್ತಾ ಇರೋದು ಅಷ್ಟೇ. ನಾನು ಕೇಳಿಸಿಕೊಳ್ಳಲಿಲ್ಲ.’

ಅಷ್ಟು ಹೇಳಿ ಮಡಿಲಲ್ಲಿ ಕೈಯಿಟ್ಟುಕೊಂಡ.

ಹಾಲಿನಲ್ಲಿ ಉಳಿದ ಯಾರಿಗೂ ಕನ್ನಡ ಬರುತ್ತಿರಲಿಲ್ಲ. ಆದರೂ ಯಾರೂ ಅಲುಗಲಿಲ್ಲ. ಹೊರಗೆ ಬೀದಿಯಲ್ಲಿ ಬಸ್ಸೊಂದು ನಿಂತ ಸದ್ದು ಬಂತು. ಮುಂದಿನ ಎಡಚಕ್ರದ ಬ್ರೇಕು ಸವೆದಿದೆ ಎಂದು ಸತೀಶನ ಕಿವಿ ತನ್ನಷ್ಟಕ್ಕೆ ಲೆಕ್ಕ ಹಾಕಿತು. ಮಂಜರಿ ನಿಂತೇ ಇದ್ದಳು. ಅವನು ಅವಳ ಕಡೆ ನೋಡಲಿಲ್ಲ. ಹಾಡು ಎನ್ನಲಿಲ್ಲ. ಹೇಳುವುದನ್ನು ಹೇಳಿಯಾದ ಮೇಲೆ ವ್ಯಾಖ್ಯಾನಕಾರನಿಗೆ ಬಾಯಿಲ್ಲ. ಮುಂದಿನ ಸಾಲು ಬರುವವರೆಗೆ ಅವನು ಕೂತಿರಬೇಕು, ಅಷ್ಟೇ. ಬರದಿದ್ದರೂ ಕೂತಿರಬೇಕು. ಜನ ಬಂದು ಈ ಕುರ್ಚಿಗಳಲ್ಲಿ ತುಂಬಿಕೊಂಡರೂ, ನಕ್ಕರೂ, ಎದ್ದು ಹೋದರೂ. ಅವನು ಸಿದ್ಧನಿದ್ದ. ಈ ಸಲ ಏಳುವುದಿಲ್ಲ.

ಮೂಗೆಳೆದುಕೊಂಡ ಸದ್ದು. ಆಮೇಲೆ ಮೈಕು ನೆಲದಿಂದ ಎದ್ದ ಗರಗರ.

ಎರಡನೆಯ ಸಾಲು ಬಂತು. ದನಿ ಒಡೆದಿತ್ತು, ನಡುವೆ ಒಂದು ಕಡೆ ಪೂರ್ತಿ ಇಲ್ಲವಾಗಿ ಬರೀ ಉಸಿರು ಉಳಿಯಿತು. ಅವಳು ಬಿಡಲಿಲ್ಲ, ಆ ಉಸಿರಿನ ಮೇಲೇ ನಡೆದುಕೊಂಡು ತುದಿ ಮುಟ್ಟಿಸಿದಳು.

ಈ ಮನೆಯಲ್ಲಿ ಒಬ್ಬನಿದ್ದಾನೆ, ಅವನು ಇನ್ನೂ ಬೀಗ ಬದಲಾಯಿಸಿಲ್ಲ.

ಹಾಡಿ, ನಿಂತಳು.

ಹಿಂದೆ ಡ್ರಮ್ಮಿನ ಹುಡುಗ ಕಿವಿಯಿಂದ ಯಂತ್ರ ತೆಗೆದಿಟ್ಟು, ಕೋಲುಗಳನ್ನು ತೊಡೆಯ ಮೇಲೆ ಇಟ್ಟುಕೊಂಡ. ಸತೀಶನಿಗೆ ಎದುರಿನ ಕುರ್ಚಿಗಳು ಕಾಣಿಸಲಿಲ್ಲ. ಕನ್ನಡಕ ತೆಗೆದ, ಒರೆಸಿಕೊಳ್ಳಲು ಏನೂ ಸಿಗಲಿಲ್ಲ, ಮತ್ತೆ ಹಾಕಿಕೊಂಡ. ಹೊರಬಾಗಿಲ ಹತ್ತಿರ ಯಾರೋ ಬಂದು, ಜನ ಸಾಲು ನಿಂತಿದ್ದಾರೆ, ಬಾಗಿಲು ತೆಗೆಯೋದಾ ಎಂದು ಕೇಳಿದರು. ಡನೀಸ್ ತಿರುಗಿ ನೋಡದೆಯೇ, ಇರಿ ಎಂದು ಕೈ ಮಾಡಿದಳು.

ಮಂಜರಿ ಮೈಕು ಹಿಡಿದು ಕಾಯುತ್ತಿದ್ದಳು. ಮುಂದಕ್ಕೆ ಹೋಗಲಿಲ್ಲ, ಇಳಿದೂ ಹೋಗಲಿಲ್ಲ, ಅಪ್ಪನ ಮುಖವನ್ನೂ ನೋಡಲಿಲ್ಲ.

‘ಅಂದರೆ...’ ಎಂದ ಸತೀಶ.